ನೋವು ನೋಡಲಾಗದ ರಾಶಿಯವರು

ಮೇ 6, ಮಂಗಳವಾರ
ರೊಟ್ಟಿ ಬಡಿಯುತ್ತಿದ್ದೆ. ಇವರು ಅಡಿಗೆಮನೆ ಬಾಗಿಲಲ್ಲಿ ನಿಂತು ಜೋರಾಗಿ ಓದಿದರು: 'ಕವಿ ಸಿದ್ದಲಿಂಗರ ವ್ಯಕ್ತಿತ್ವ — ನಾಲ್ಕು ಶಾಸ್ತ್ರಗಳ ಬೆಳಕಿನಲ್ಲಿ.' ಜೂನ್ ಒಂದಕ್ಕೆ ಇವರಿಗೆ ಐವತ್ತೈದು ತುಂಬುತ್ತದೆ. ಗೆಳೆಯ ರಾವಸಾಹೇಬ ಅವತ್ತೇ ಚಿಕ್ಕೋಡಿಯಲ್ಲಿ ಸನ್ಮಾನ ಇಟ್ಟಿದ್ದಾನೆ, ಜೊತೆಗೆ ಈ ಪುಸ್ತಕ.

ರಾಯಬಾಗದ ಜ್ಯೋತಿಷಿ: ಶುಕ್ರ ಬಲವಾಗಿದ್ದಾನೆ, ಅದಕ್ಕೇ ಕಾವ್ಯ. ಪಾಶ್ಚಾತ್ಯರ ಪ್ರಕಾರ ಮಿಥುನ — ಗಾಳಿ, ಕಟ್ಟಿಹಾಕಬಾರದು. ನಿಪ್ಪಾಣಿಯ ನ್ಯೂಮರಾಲಜಿಯವನು: ನಂಬರ್ ಒಂದು, ಸೂರ್ಯ, ಯಾರಿಗೂ ಬಾಗುವವನಲ್ಲ. ಚೀನಾದವರ ಲೆಕ್ಕದಲ್ಲಿ ನಾಯಿ ವರ್ಷ. ನಾಯಿ ಅಂದರೆ ನಿಷ್ಠೆ ಅಂತ ಅವಸರದಲ್ಲಿ ತಾವೇ ಸೇರಿಸಿದರು. ನಾಲ್ವರೂ ಒಪ್ಪಿದ್ದು ಒಂದೇ ಮಾತು... ಕೋಮಲ ಮನಸ್ಸು, ಇನ್ನೊಬ್ಬರ ನೋವು ನೋಡಲಾರರು.

ರೊಟ್ಟಿ ಹೊತ್ತಿತು. "ಲಕ್ಷ್ಯ ಎಲ್ಲೈತಿ ನಿಂದು?" ಅಂದರು.

ಮೇ 9
ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಸಿಕ್ಕಿತು. ಕಡಲೆಕಾಳಿಗಿಂತ ದೊಡ್ಡದು, ನೋವಿಲ್ಲ. ಅಥಣಿ ಡಾಕ್ಟರು ಮುಟ್ಟಿ ನೋಡಿ, ತಡ ಮಾಡದೆ ಮಿರಜಕ್ಕೆ ಹೋಗಿ ಅಂದರು. ಇವರಿಗೆ ಹೇಳಿದೆ. ಎರಡೂ ಕಿವಿ ಮುಚ್ಚಿಕೊಂಡರು.

"ಶೈಲಾ, ನನ್ನ ಮುಂದ ಇಂಥಾದ್ದೆಲ್ಲಾ ಹೇಳಬ್ಯಾಡ. ಕೈಕಾಲು ನಡಗ್ತಾವ. ನನ್ನ ಸ್ವಭಾವನ ಹಂಗೈತಿ, ನಾಕೂ ಶಾಸ್ತ್ರದಾಗ ಬಂದೈತಿ."

ಥೂ.

ಮೇ 14
ಅತ್ತೆಯ ಜೊತೆ ಬಸ್ಸಿನಲ್ಲಿ ಮಿರಜಕ್ಕೆ. ಪರೀಕ್ಷೆಗೆಂದು ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ಅತ್ತೆ ಹೊಳೆವ್ವ, ಎಪ್ಪತ್ತೆಂಟರ ಮುದುಕಿ, ಹೊರಗೆ ಬಾಕಿನ ಮೇಲೆ ಶೇಂಗಾ ಸುಲಿದು ನನಗಾಗಿ ಇಟ್ಟುಕೊಂಡಿದ್ದರು. ಇವರಿಗೆ ಪ್ರೂಫ್ ನೋಡುವುದಿತ್ತಂತೆ. ಸಂಜೆ ನಾವು ಮನೆಗೆ ಬಂದಾಗ ಇವರು ಕೇಳಿದ್ದು, "ಚಾ ಮಾಡ್ತಿ ಏನು?"

ಮಾಡಿಕೊಟ್ಟೆ. ಅದಕ್ಕೂ ನಾಚಿಕೆಯಾಗುತ್ತಿದೆ.

ಮೇ 20
ರಿಪೋರ್ಟ್ ಬಂತು. ಅದೇ. ಜೂನ್ ಎರಡಕ್ಕೆ ಆಪರೇಶನ್, ಹಿಂದಿನ ದಿನವೇ ಅಡ್ಮಿಟ್ ಆಗಬೇಕು. ಹಿಂದಿನ ದಿನ ಅಂದರೆ ಸನ್ಮಾನ.

ನೀವು ಬರ್ರಿ ಅಂದೆ. ಮದುವೆಯಾದಾಗಿನಿಂದ ಏನೂ ಬೇಡಿದವಳಲ್ಲ. ಮುಖ ಹುಳ್ಳಗೆ ಮಾಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಎರಡನೇ ತಾರೀಖು ಒಂದನೇ ನಂಬರಿನವರಿಗೆ ಆಗಿಬರುವುದಿಲ್ಲ ಅಂದರು. ಇದನ್ನು ಕೇಳಲು ನಿಪ್ಪಾಣಿಯವನಿಗೆ ಫೋನ್ ಹಚ್ಚಿದ್ದರು.

ಮೇ 21
ಇವತ್ತು ಅತ್ತೆಗೆ ತಡೆಯಲಿಲ್ಲ.

"ಲೇ ಸಿದ್ಯಾ, ಜೂನ್ ಒಂದು ಮಾಸ್ತರ ಕೊಟ್ಟ ತಾರೀಖೋ! ನೀ ಹುಟ್ಟಿದ್ದು ದೀಪಾವಳಿ ಪಾಡ್ಯಾಕ. ಹಬ್ಬದ ಪೂಜಿಗೆ ಸಗಣಿ ಪಾಂಡವರನ್ನ ಮಾಡಾಕತ್ತಿದ್ದೆ, ಬ್ಯಾನಿ ಹತ್ತಿದ್ವು. ಕೈ ಸೈತ ತೊಳಕೊಂಡಿಲ್ಲ. ಯಾರದೋ ಜಾತಕ ಹಿಡಕೊಂಡು ಕುಣ್ಯಾಕತ್ತಿಯಲ್ಲೋ, ಎದ್ದು ಹೆಂಡ್ತಿ ಜೋಡಿ ನಡಿ!"

ನಿಜ. ಶಾಲೆಗೆ ಹಾಕುವಾಗ ಮಾಸ್ತರರು ಸಿಕ್ಕವರಿಗೆಲ್ಲ ಜೂನ್ ಒಂದು ಬರೆದರು. ನನ್ನದೂ ಅದೇ. ನಮ್ಮ ಐಗಳಿಯಲ್ಲಿ ಅರ್ಧ ಊರಿನದು ಅದೇ. ಹಾಗಾದರೆ ನಮ್ಮದೆಲ್ಲ ಕೋಮಲ ಮನಸ್ಸು, ನಾವೆಲ್ಲ ಸೂರ್ಯ!

ಸುಳ್ಳು ಸಿಕ್ಕಿಬಿತ್ತು, ಇನ್ನು ಬಂದೇ ಬರುತ್ತಾರೆ ಅಂದುಕೊಂಡೆ. ಇವರು ಕನ್ನಡಕ ಒರೆಸಿಕೊಂಡು ಹೇಳಿದ್ದು —

"ಯವ್ವಾ, ನಿನ್ನ ಮಗ ಪಾಡ್ಯಾಕ ಹುಟ್ಟಿರಬಹುದು. ಕವಿ ಹುಟ್ಟಿದ್ದು ಜೂನ್ ಒಂದಕ್ಕ."

ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಉಗುಳಲು ಎದ್ದು ಹೋದರು. ಇಷ್ಟಾದರೂ ಇವರು ಬರಲಿ ಅನಿಸುತ್ತದಲ್ಲ ನನಗೆ, ಅದೇ ಹೇಸಿಗೆ. ಹೆದರಿಕೆಯಾಗುತ್ತದೆ. ಆಪರೇಶನ್ ಬಾಗಿಲ ತನಕ ಕೈ ಹಿಡಿದುಕೊಂಡರೆ ಸಾಕು, ಮುಂದೆ ನಾನೇ ಹೋಗುತ್ತೇನೆ.

ಜೂನ್ 1, ಭಾನುವಾರ. ಮಿರಜ
ವಾರ್ಡಿನಲ್ಲಿ ಎಂಟು ಮಂಚ. ಪಕ್ಕದ ಮಂಚದ ಸಪನಾ ಕಾಗವಾಡದವಳು, ಅವಳ ಗಂಡ ಬಂದಾಗಿನಿಂದ ಅವಳ ಕಾಲು ತಿಕ್ಕುತ್ತಿದ್ದಾನೆ. ಕಬ್ಬು ಕಡಿಯುವವನು. ಯಾವ ರಾಶಿಯೋ ಏನೋ.

ಸಂಜೆ ರಾವಸಾಹೇಬ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದ. ಶಾಲು, ಹಾರ, ಜರತಾರಿ ಪೇಟ. ಇವರು ಮೈಕಿನ ಮುಂದೆ ಕರ್ಚೀಫು ಹಿಡಿದು ನಿಂತು, "ನನ್ನವಳ ಬ್ಯಾನಿ ಮ್ಯಾಲ ಒಂದು ಕವಿತಾ" ಅಂದರು. ನೋಡಲಾಗದವರಿಗೆ ಬರೆಯಲು ಮಾತ್ರ ಆಯಿತು! ನನ್ನ ಎದೆಯನ್ನು ಚಿಕ್ಕೋಡಿಯ ಮಂದಿಯ ಮುಂದೆ ಬಿಚ್ಚಿಟ್ಟರು. ಎಲ್ಲರೂ ಕಣ್ಣೊರೆಸಿಕೊಂಡರಂತೆ. ಎರಡು ಸಾಲು ಕೇಳಿ ಬಂದ್ ಮಾಡಿದೆ.

"ಏನಂತಾನ?" ಅತ್ತೆ ಕೇಳಿದರು.

"ಅಳಾಕತ್ತಾರ ನೋಡ್ರಿ, ನನ್ನ ಸಲುವಾಗಿ."

"ಅಳಲಿ. ನೀ ಮಕ್ಕೋ ನನ್ನವ್ವ."

ಜೂನ್ 2. ಬೆಳಿಗ್ಗೆ
ಡಾಕ್ಟರು ಬಂದರು. ತಪ್ಪಾಗಬಾರದೆಂದು ಪೆನ್ನಿನಿಂದ ಮೈಮೇಲೆ ಗುರುತು ಹಾಕಿ, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳಿದರು: "ಹೀಚ್ ಬಾಜು ನಾ? ಇದ ಕಡೆ ಅಲ್ಲೇನ್ರಿ?" ಹೌದ್ರಿ ಅಂದೆ. ಮತ್ತೆ ನರ್ಸ್ ಬಂದು ಅದನ್ನೇ ಕೇಳಿದಳು. ಅತ್ತೆಯನ್ನೂ ಕೇಳಿದಳು. ಅತ್ತೆ ಥಟ್ಟನೆ ಹೇಳಿದರು.

ಇನ್ನೂ ಕರೆದಿಲ್ಲ. ವಿಡಿಯೊ ಹಚ್ಚಿ ಉಳಿದದ್ದನ್ನು ಕೇಳಿದೆ. 'ನಿನ್ನ ಎಡ ಎದೆಯ ಗಂಟನ್ನು, ಗೆಳತಿ, ನನ್ನ ಹೃದಯದಲಿ ಹೊತ್ತೆ...' ಚಪ್ಪಾಳೆ. ಇನ್ನೊಮ್ಮೆ ಓದ್ರಿ ಅಂತ ಕೂಗಿದರು. ಇನ್ನೊಮ್ಮೆ ಓದಿದರು. ಎಡ ಎದೆಯ ಗಂಟು ಅಂತಲೇ.

ಒಂದು ಸಲವೂ ಕೇಳಲಿಲ್ಲ. ಯಾವ ಕಡೆ ಅಂತ ಒಂದು ಸಲವೂ — ನನಗಿರುವುದು ಬಲಗಡೆ.