ಪಟ್ಟಿಯ ಕೆಳಗಿನ ಗಿಡ್ಡ ಗೆರೆ

ಒಸಾಫುನೆ,
ನವೆಂಬರ್ ೧೪, ೧೯೮೩

ಮಗಳು ಚಿಜುರುವಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಎರಡೂ ಕಾಗದಗಳು ತಲುಪಿವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾಕಿ ಹಣ್ಣು ಸುಲಿದು ಸೂರಿನಡಿ ಒಣಹಾಕುವುದರಲ್ಲೇ ಹೊತ್ತು ಹೋಯಿತು ಎಂದು ಬರೆಯಹೊರಟಿದ್ದೆ. ಬೆನ್ನ ಹಿಂದೆ ನಿಂತು ಓದಿದ ನಿನ್ನ ಅಮ್ಮ, "ಹಣ್ಣೆಲ್ಲ ಸುಲಿದವಳು ನಾನು. ನೀವು ಮುಖ ಊದಿಸಿಕೊಂಡು ಕೂತಿದ್ರಿ ಅಷ್ಟೆ. ಅದನ್ನೇ ಬರೀರಿ," ಎಂದಳು. ಸರಿ, ಅದನ್ನೇ ಬರೆದಿದ್ದೇನೆ.

ಮುಖ ಊದಿದ್ದು ಯಾಕೆಂದು ನಿನಗೆ ಗೊತ್ತು. ಶಿನೊಹಾರಾ ನಿನ್ನನ್ನು ದತ್ತು ಕೊಡಿ ಎಂದು ಕೇಳಿದ್ದಾನೆ. ಅವನಿಗೆ ಮಕ್ಕಳಿಲ್ಲ, ಅವನ ನಂತರ ಅವನ ಹೆಸರಿನಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುವವಳು ನೀನೇ ಆಗಬೇಕಂತೆ. ಬೆಳೆದವರನ್ನು ದತ್ತು ಪಡೆಯುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ, ನಾನೂ ಬಲ್ಲೆ. ಅಪ್ಪನ ಕೈಕೆಳಗೆ ಕಲಿತರೆ ಸಲುಗೆ ಹೆಚ್ಚಾಗಿ ಕೆಲಸ ಕೆಡುತ್ತದೆ ಎಂದು ನಿನ್ನನ್ನು ಕಾನಾಜಾವಾಕ್ಕೆ ಅವನ ಬಳಿ ಕಳಿಸಿದವನೂ ನಾನೇ. ಕಲಿಸು ಎಂದು ಕಳಿಸಿದ್ದೆ, ಇಟ್ಟುಕೋ ಎಂದಲ್ಲ.

ಕಾಗದದ ಜೊತೆಗೆ ಒಂದು ಪೆಟ್ಟಿಗೆ ಸಿಹಿಯನ್ನೂ ಕಳಿಸಿದ್ದ. ಪ್ರತಿ ತುಂಡಿನ ಮೇಲೂ ಬಂಗಾರದ ರೇಕು. ಆ ಮನುಷ್ಯನಿಗೆ ತಿನ್ನುವುದಕ್ಕೂ ಹೊಳಪು ಕೊಡದೆ ಸಮಾಧಾನವಿಲ್ಲ. ನಾನು ಮುಟ್ಟಲಿಲ್ಲ. ನಿನ್ನ ಅಮ್ಮ ಒಬ್ಬಳೇ ಕೂತು ಪೆಟ್ಟಿಗೆ ಖಾಲಿ ಮಾಡಿದಳು. "ಶಿನೊಹಾರಾ ಅವರಿಗೆ ಯಾರಿಗೆ ಏನಿಷ್ಟ ಅಂತ ನೆನಪಿರತ್ತೆ ನೋಡಿ," ಎಂದು ಮೇಲೆ ಹೊಗಳಿಕೆ ಬೇರೆ.

ನಾವಿಬ್ಬರೂ ಒಬ್ಬರೇ ಗುರುಗಳ ಮನೆಯಲ್ಲಿ ಕಲಿತವರು. ನನ್ನ ಕೆಲಸ ನೋಡಿ ಗುರುಗಳು "ಹೂಂ" ಅನ್ನುತ್ತಿದ್ದರು. ಅವನದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಇನ್ನೊಂದು ಕತ್ತಿ ತಂದು ಅವನ ಮುಂದೆ ಇಡುತ್ತಿದ್ದರು. ನನಗೆ ಮೊದಮೊದಲು ಆ "ಹೂಂ" ಮೆಚ್ಚುಗೆಯೆಂದೇ ಅನ್ನಿಸಿತ್ತು. ಅರ್ಥವಾಗುವಷ್ಟರಲ್ಲಿ ಹೊಟ್ಟೆಯುರಿ ಹತ್ತಿಕೊಂಡಿತ್ತು, ಇನ್ನೂ ಆರಿಲ್ಲ. ಅಪ್ಪ ಮಗಳಿಗೆ ಬರೆಯುವ ಮಾತಲ್ಲ ಇದು, ಆದರೂ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ದೇವಸ್ಥಾನದ ಚಾವಡಿಯಲ್ಲಿ ಕತ್ತಿ ಗುರುತಿಸುವ ಕೂಟವಿತ್ತು. ಅದನ್ನು ಹೇಳುವುದಕ್ಕೇ ಈ ಕಾಗದ. ಎಂದಿನಂತೆ, ಕಮ್ಮಾರನ ಸಹಿಯಿರುವ ಬುಡಕ್ಕೆ ಬಟ್ಟೆ ಸುತ್ತಿ ಕತ್ತಿಗಳನ್ನು ಸಾಲಾಗಿ ಇಟ್ಟಿದ್ದರು. ನಡುವಿನದನ್ನು ಎತ್ತಿ ದೀಪಕ್ಕೆ ಹಿಡಿದವನು ಮತ್ತೆ ಕೆಳಗಿಡಲಾರದೆ ಹೋದೆ. ಸೊಂಟದಂತೆ ಬಾಗಿದ ಮೈ, ಬಿಗಿಯಾದ ಉಕ್ಕು, ಅಲಗಿನ ಅಂಚಿನ ಮೇಲೆ ಯಾರೋ ಈಗಷ್ಟೇ ಉಸಿರು ಬಿಟ್ಟಂತೆ ಮಬ್ಬು ನೆರಳು. ನಮ್ಮ ಊರಿನ ಹಳೆಯ ಕಮ್ಮಾರರಲ್ಲದೆ ಇನ್ನಾರಿಗೂ ಬಾರದ ನೆರಳು ಅದು. ಚೀಟಿಯಲ್ಲಿ ಕಮ್ಮಾರ ನಾಗಾಮಿತ್ಸು ಎಂದು ಬರೆದುಕೊಟ್ಟೆ.

ತೀರ್ಪು ಹೇಳಲು ಕೂತಿದ್ದ ಇನುಜುಕಾ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಸರಿಸಮ," ಎಂದರು. ಆ ಕೂಟದ ಮಾತು ನಿನಗೆ ಗೊತ್ತೇ ಇದೆ: ಮನೆ ಸರಿಯಾಗಿದೆ, ಕೈ ಬೇರೆ, ಗುರುವಲ್ಲ, ಶಿಷ್ಯ ಅಥವಾ ಮಗ. ಹಾಗಾದರೆ ನಾಗಾಮಿತ್ಸುವಿನ ಮಗ ಕಾಗೆಮಿತ್ಸುವೇ. ಇನ್ನೊಂದು ಚೀಟಿ ಬರೆದೆ. "ಈಗ ಗುರಿ ಹೊಡೆದ್ರಿ ನೋಡಿ," ಎಂದು ನಕ್ಕರು.

ಆಮೇಲೆ ಅದರ ಕಥೆ ಹೇಳಿದರು. ಕುರಾಶಿಕಿಯ ಸಾಕೆ ಭಟ್ಟಿಯವರ ಮನೆತನದ ಕತ್ತಿಯಂತೆ. ಸಹಿ ಖೋಟಾ ಎಂದು ತಲೆಮಾರುಗಳಿಂದ ಮೂಲೆಗೆ ಹಾಕಿದ್ದರಂತೆ. ಹಿಂದೆ ಯಾವನೋ ಒರಟು ಕೈಯವನು ಸಾಣೆ ಹಿಡಿದು ಆ ನೆರಳನ್ನೇ ಮುಚ್ಚಿಬಿಟ್ಟಿದ್ದನಂತೆ. ನೆರಳಿಲ್ಲದ ಕಾಗೆಮಿತ್ಸುವನ್ನು ಯಾರು ತಾನೇ ನಂಬುತ್ತಾರೆ? ಈಗ ಹೊಸದಾಗಿ ಸಾಣೆ ಹಿಡಿಸಿದ ಮೇಲೆ ನೆರಳು ಎದ್ದು ಬಂತು. ಟೋಕಿಯೋದಲ್ಲಿ ಪರೀಕ್ಷೆ ಮಾಡಿದ ಪಂಡಿತರು ಸಹಿಯೂ ನಿಜ, ಕತ್ತಿಯೂ ನಿಜ ಎಂದು ಒಪ್ಪಿದರು.

ಅಲ್ಲಿಗೆ ಎದ್ದುಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮೇಷ್ಟ್ರಿಗೆ ತಮಾಷೆ ಬೇಕಾಗಿತ್ತು.

"ಇಸಾವೊ ಅವರೇ, ನೀವು ಸಾಣೆಯವರು. ಕಮ್ಮಾರನನ್ನು ಎಲ್ಲರೂ ಹೇಳ್ತಾರೆ, ಇದಕ್ಕೆ ಹೊಳಪು ಕೊಟ್ಟ ಕೈ ಯಾರದ್ದು ಹೇಳಿ ನೋಡೋಣ."

ನಾನು ಇನ್ನೊಮ್ಮೆ ದೀಪಕ್ಕೆ ಹಿಡಿದೆ. ಕಲ್ಲಿನ ಚೂರನ್ನು ಹೆಬ್ಬೆರಳಡಿ ಇಟ್ಟು ಒತ್ತಿದ ಗುರುತು ಎಲ್ಲೂ ಇಲ್ಲ. ಉಕ್ಕು ತಾನಾಗಿಯೇ ಕಣ್ಣು ಬಿಟ್ಟ ಹಾಗಿತ್ತು. "ಹೊಸ ಸಾಣೆ ಅಂತೀರಿ, ಆದರೆ ಬದುಕಿರೋ ಯಾರಿಗೂ ಇದು ಬರಲ್ಲ. ನಮ್ಮ ಗುರುಗಳು ಎದ್ದು ಬಂದ್ರಾ ಹೇಗೆ?" ಎಂದೆ.

"ಸರಿಸಮ," ಎಂದರು ಮೇಷ್ಟ್ರು. ಸುತ್ತ ಇದ್ದವರು ಕಿಸಕ್ಕೆಂದರು.

ಗುರುವಲ್ಲದಿದ್ದರೆ ಶಿಷ್ಯ. ಮೊದಲು ಚಹಾ ಕುಡಿದೆ. "ಶಿನೊಹಾರಾ," ಎಂದೆ.

"ಮತ್ತೆ ಸರಿಸಮ. ಅಲ್ರೀ, ಸ್ವಂತ ಮಗಳ ಕೈ ಗುರುತು ಸಿಗಲಿಲ್ವಾ ನಿಮಗೆ?"

ಎಲ್ಲರೂ ಸುತ್ತುವರಿದು ನನ್ನ ಬೆನ್ನು ತಟ್ಟಿದರು. "ಅಪ್ಪನ ಕೈಯೇ ಬಂದಿದೆ ಬಿಡಿ," ಎಂದರು. ನಾನೂ ಬೀಗುತ್ತಾ, "ಚಿಕ್ಕವಳಿದ್ದಾಗ ನಾನೇ ಕಲಿಸಿದ್ದು," ಎಂದೆ. ಮನೆಗೆ ಬರುವ ದಾರಿಯಲ್ಲಿ ಆ ಮಾತು ನನಗೇ ಚುಚ್ಚಿತು. ನನ್ನ ಕೈ ಆಗಿದ್ದರೆ ನಾನು ಗುರುತಿಸುತ್ತಿರಲಿಲ್ಲವೇ? ಕುರಾಶಿಕಿಯವರು ನನ್ನ ಬಾಗಿಲ ಮುಂದೆಯೇ ಹಾದು ಕಾನಾಜಾವಾದ ರೈಲು ಹತ್ತಿದ್ದಾರೆ. ನನಗೆ ಕೊಟ್ಟಿದ್ದರೆ ಆ ನೆರಳು ಏಳುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಏಳುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ. ಅವನ ಮೇಲೆ ಹೊಟ್ಟೆಕಿಚ್ಚುಪಟ್ಟು ನನಗೆ ಅಭ್ಯಾಸವಿದೆ ಮಗಳೇ. ನಿನ್ನ ಮೇಲೂ ಪಡಬೇಕಾದೀತು ಎಂದುಕೊಂಡಿರಲಿಲ್ಲ.

ಮನೆಯಲ್ಲಿ ಹೇಳಿದಾಗ ನಿನ್ನ ಅಮ್ಮ ಕಣ್ಣೊರೆಸಿಕೊಂಡಳು. ಆಮೇಲೆ, "ಅವಳು ಗುರುಗಳಷ್ಟೇ ಚೆನ್ನಾಗಿ ಮಾಡಿದಾಳೆ ಅಂತ ನಿಮ್ಮ ಬಾಯಲ್ಲೇ ಬಂತಲ್ಲ. ಇನ್ನೇನು ಯೋಚನೆ? ಒಪ್ಪಿಗೆ ಬರೀರಿ," ಎಂದಳು.

ಬರೆದಿದ್ದೇನೆ. ನಿನಗೆ ಇಷ್ಟವಿದ್ದರೆ ನಮ್ಮ ಅಡ್ಡಿಯಿಲ್ಲ ಎಂದು ಶಿನೊಹಾರಾನಿಗೆ ಇದೇ ಅಂಚೆಯಲ್ಲಿ ಕಾಗದ ಹೋಗುತ್ತಿದೆ. ಅಕ್ಷರ ಸ್ವಲ್ಪ ಸೊಟ್ಟಗಿದೆ, ಚಳಿಗೆ ಶಾಯಿ ಸರಿಯಾಗಿ ಇಳಿಯಲಿಲ್ಲ ಎಂದು ಅವನಿಗೆ ಹೇಳು.

ಆ ಊರಿನಲ್ಲಿ ಚಳಿ ಹೆಚ್ಚು. ಸಾಣೆ ನೀರಿನಲ್ಲಿ ಕೈಯಿಟ್ಟು ಎದ್ದ ಮೇಲೆ ಬೆರಳ ಸಂದಿ ಒರೆಸಿಕೊ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಕಾಕಿ ಒಣಗಿದ ಕೂಡಲೇ ಅಮ್ಮ ಕಳಿಸುತ್ತಾಳೆ. ಅವನಿಗೂ ಎರಡು ಕೊಡು, ಅದಕ್ಕೆ ರೇಕು ಅಂಟಿಸುವ ಅಗತ್ಯವಿಲ್ಲ. ನಿನ್ನ ಹೆಬ್ಬೆರಳು ಚೆನ್ನಾಗಿರಲಿ, ನಿನ್ನ ಆಯುಸ್ಸು ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಕುವಬಾರಾ ಇಸಾವೊ

ಮರೆತಿದ್ದು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕೂಟ ಮುಗಿದು ಎಲ್ಲರೂ ಹೋದ ಮೇಲೆ ಮೇಷ್ಟ್ರನ್ನು ಕೇಳಿ, ಆ ಕತ್ತಿಯ ಬುಡದ ಲೋಹದ ಪಟ್ಟಿ ಜಾರಿಸಿ ಕೆಳಗೆ ನೋಡಿದೆ. ಸಾಣೆಯವನು ತನ್ನ ಗುರುತಿಗೆ ಎಳೆಯುವ ಸಣ್ಣ ಗೆರೆಗಳು ಅಲ್ಲೇ ತಾನೇ ಇರುವುದು. ನಮ್ಮ ಮನೆಯದರಲ್ಲಿ ಕೊನೆಯ ಗೆರೆ ಗಿಡ್ಡ. ಚಿಕ್ಕವಳಿದ್ದಾಗ ನೀನು ಅದನ್ನು ಅಡಿಗೆಮನೆಯ ಚಾಕುಗಳ ಮೇಲೆಲ್ಲ ಎಳೆದು ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದೆ. ಆ ಚಾಕುಗಳನ್ನು ನಾನು ಇಂದಿಗೂ ಉಜ್ಜಿ ತೆಗೆದಿಲ್ಲ. ಕತ್ತಿಯಲ್ಲಿ ಎಲ್ಲ ಗೆರೆಗಳೂ ಸಮನಾಗಿದ್ದವು. ಶಿನೊಹಾರಾನ ಗೆರೆಗಳು. ತಪ್ಪಲ್ಲ, ಗುರುವಿನ ಮನೆಯಲ್ಲಿರುವ ತನಕ ಗುರುವಿನ ಗೆರೆಯನ್ನೇ ಎಳೆಯಬೇಕು, ನಾನೂ ಎಳೆದವನೇ. ಆದರೂ ದೀಪದ ಕೆಳಗೆ ಬಹಳ ಹೊತ್ತು ಹುಡುಕಿದೆ. ಹೆಸರು ಅವನದೇ ಇಟ್ಟುಕೊ. ಎಂದಾದರೂ ಒಮ್ಮೆ, ಒಂದೇ ಒಂದು ಕತ್ತಿಯಲ್ಲಿ, ಕೊನೆಯ ಗೆರೆಯನ್ನು ಗಿಡ್ಡ ಮಾಡು. ಪಟ್ಟಿಯ ಕೆಳಗೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ನಾನು ಮಾತ್ರ ಜಾರಿಸಿ ನೋಡುತ್ತೇನೆ.