ಕಸ್ತೂರಿ ಆಯಿಯ ಗೇಣು ಬಟ್ಟೆ

ನೆರಳು ಶಕೆ ತೊಂಬತ್ತೊಂದು,
ಹಸ್ತಾ ಮಳೆ ಬರಬೇಕಿದ್ದ ವಾರ,
ಚಪ್ಪರ ಗಲ್ಲಿ, ಬೆಳಗಾವಿ.

ಕಸ್ತೂರಿ ಆಯಿಗೆ ಶಾರವ್ವ ಮುಚ್ಚಂಡಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿನ್ನ ಗೋಡೆಯ ಕ್ಯಾಲೆಂಡರನ್ನು ಎಷ್ಟು ತಿರುವಿದರೂ ಈ ದಿನ ಸಿಗುವುದಿಲ್ಲ. ಮಧ್ಯಾಹ್ನದ ಹೊತ್ತು ಬಯಲಿನಲ್ಲಿ ಯಾರೂ ನಿಲ್ಲಕೂಡದೆಂದು ಸರಕಾರ ಅಪ್ಪಣೆ ಹೊರಡಿಸಿದ ವರ್ಷದಿಂದ ನಾವು ಲೆಕ್ಕ ಹಿಡಿಯುತ್ತೇವೆ, ಅದಕ್ಕೇ ನೆರಳು ಶಕೆ ಎಂಬ ಹೆಸರು. ನೀನು ನನ್ನ ಮುತ್ತಜ್ಜಿಗೂ ಅಜ್ಜಿ. ಆದರೆ ಈ ಕಾಗದ ಮುಟ್ಟುವಾಗ ನಿನ್ನ ತಲೆಯಲ್ಲಿ ಒಂದು ಬಿಳಿಕೂದಲೂ ಇರಲಿಕ್ಕಿಲ್ಲ, ನನಗೋ ಬಾಯಲ್ಲಿ ಹಲ್ಲೇ ಉಳಿದಿಲ್ಲ. ಆಯಿ ಅನ್ನಲೋ ತಂಗೀ ಅನ್ನಲೋ ಎಂದು ಬೆಳಗಿನಿಂದ ಪೆನ್ನು ಹಿಡಿದು ಕುಳಿತು, ಕೊನೆಗೆ ಆಯಿ ಎಂದೇ ಬರೆದೆ. ನಮ್ಮ ಮನೆಯಲ್ಲಿ ಆಯಿಗೆ ನೀನು ಎನ್ನುವುದೇ ರೂಢಿ, ಅದನ್ನು ಅಗೌರವವೆಂದು ತಿಳಿಯಬಾರದು. ನನ್ನ ಮಾತುಗಳಲ್ಲಿ ಕೆಲವು ನಿನ್ನ ಕಾಲದಲ್ಲಿ ಹುಟ್ಟಿಯೇ ಇಲ್ಲ. ಅವು ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಈ ಕಾಗದ ಬರುವುದು ಹಿಂದಂಚೆಯಲ್ಲಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಮುಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ, ಉತ್ತರ ಬರುವುದಿಲ್ಲ. ಕಿಟಕಿಯಲ್ಲಿ ಕುಳಿತ ಗುಮಾಸ್ತ ಪ್ರತಿ ಸಾಲನ್ನೂ ಓದುತ್ತಾನೆ. ಓದುವವರ ಕಾಲದ ಚುನಾವಣೆ, ಚಿನ್ನದ ಬೆಲೆ, ಆಟದ ಫಲಿತಾಂಶ ಯಾವುದನ್ನೂ ಹೇಳುವಂತಿಲ್ಲ, ಹೇಳಿದರೆ ಮಸಿ ಬಳಿದುಬಿಡುತ್ತಾನೆ. ನಮ್ಮ ಗಲ್ಲಿಯವರು ಆ ಒಂದು ಕಾಗದವನ್ನು ಅಪ್ಪನ ಸಿಗರೇಟು ಬಿಡಿಸಲಿಕ್ಕೋ ಅಜ್ಜ ಮಾರಿದ ಹೊಲ ಉಳಿಸಲಿಕ್ಕೋ ಖರ್ಚು ಮಾಡುತ್ತಾರೆ. ನಾನು ಮಾತ್ರ ಫುಟ್‌ಬಾಲಿಗೆ ಖರ್ಚು ಮಾಡುತ್ತಿದ್ದೇನೆ. ಹುಚ್ಚು ಮುದುಕಿ ಎಂದು ಗುಮಾಸ್ತ ನಕ್ಕರೆ ನಗಲಿ.

ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯೊಂದಿದೆ. ದೇಶದ ತಂಡ ಯಾವುದೋ ಟೂರ್ನಿಯಿಂದ ಮೊದಲ ಸುತ್ತಿನಲ್ಲೇ ಹೊರಬಿದ್ದ ದಿನ, ಕಸ್ತೂರಿ ಆಯಿ ತೊಟ್ಟಿದ್ದ ನೀಲಿ ಅಂಗಿಯನ್ನು ಕಿತ್ತು ಬಕೇಟಿನಲ್ಲಿ ಅದ್ದಿ, ಅಡುಗೆಮನೆಯ ನೆಲ ಒರೆಸಿದಳಂತೆ. ಆಮೇಲೆ ಎಷ್ಟೋ ವರ್ಷ ಅದೇ ನೆಲ ಒರೆಸುವ ಬಟ್ಟೆಯಾಗಿತ್ತಂತೆ. ಯಾವ ಟೂರ್ನಿ ಎಂಬುದು ಮರೆತುಹೋಗಿದೆ. ಈ ಕಾಗದ ಅದೇ ದಿನ ನಿನಗೆ ಮುಟ್ಟಲಿ ಎಂದು ವಿಳಾಸದ ಮೇಲೆ ಬರೆಸಿದ್ದೇನೆ. ಅಂದರೆ ನೀನೀಗ ಅತ್ತು, ಮೂಗು ಒರೆಸಿಕೊಂಡು, ಮುಂದಿನ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳ ಮೇಲೆ ಆಸೆ ಇಡುವುದೋ ಬಿಡುವುದೋ ಎಂದು ಕುಳಿತಿರಬೇಕು. ನಾವೂ ಇಂದು ಅದೇ ಆಸೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದೇವೆ. ಫಲ ಹೇಳುವಂತಿಲ್ಲ, ಇದರಿಂದ ನೀನೇ ತಿಳಿದುಕೋ.

ನಮ್ಮ ದಿನಗಳು ಹೀಗಿವೆ. ನಸುಕಿನಲ್ಲೇ ಸಂತೆ ಕೂಡುತ್ತದೆ, ಬಿಸಿಲೇರುವ ಮೊದಲೇ ಬಾಗಿಲು ಬೀಳುತ್ತದೆ. ಗಲ್ಲಿಗಳ ಮೇಲೆಲ್ಲ ಈ ತುದಿಯಿಂದ ಆ ತುದಿಯವರೆಗೆ ಚಪ್ಪರ. ಜೋಳದ ರೊಟ್ಟಿ ಇದೆ, ಪುಂಡಿಪಲ್ಯ ಇದೆ, ಅದಕ್ಕೆ ಕೊರತೆಯಿಲ್ಲ. ಹಾಲು ಮಾತ್ರ ಮಕ್ಕಳಿಗೂ ಬಾಣಂತಿಯರಿಗೂ. ಹಾಗಾಗಿ ನಮ್ಮೂರಿನ ಕುಂದಾ ಈಗ ದೇಶದ ತಂಡ ಗೆದ್ದ ದಿನ ಮಾತ್ರ ಮಾಡುವ ಸಿಹಿ. ನನ್ನ ಮೊಮ್ಮಗಳು ತುಳಸಾಗೆ ಕುಂದಾ ಎಂಬ ಹೆಸರು ಗೊತ್ತು, ರುಚಿ ಗೊತ್ತಿಲ್ಲ. ಈ ಸಾಲಿಗೆ ಮಸಿ ಬಿದ್ದರೂ ಬಿದ್ದೀತು. ಉಳಿದ ಊರುಗಳು ಕಾದ ಹಂಚಿನಂತಾದ ಮೇಲೆ ದೇಶದ ಮೈದಾನ ನಮ್ಮ ಬೆಳಗಾವಿಗೆ ಬಂತು. ಮೈದಾನ ಅಂದರೆ ಬಯಲಲ್ಲ. ನೆರಳುಕಣ ಎನ್ನುತ್ತೇವೆ, ಮಾಡು ಹೊದಿಸಿದ ದೊಡ್ಡ ಅಂಗಳ. ನಮ್ಮ ಮಕ್ಕಳು ಚೆಂಡು ಒದೆಯಲು ಕಲಿಯುವುದು ಅದರೊಳಗೇ, ದೊಡ್ಡವರಾಗಿ ಆಡುವುದೂ ಅದರೊಳಗೇ.

ಇನ್ನು ಅಂಗಿಯ ವಿಷಯ. ಸೋಲುವ ತಂಡದ ಎದೆಯ ಮೇಲೆ ತಮ್ಮ ಹೆಸರು ಬೇಡವೆಂದು ಕಂಪನಿಗಳೆಲ್ಲ ಕೈಬಿಟ್ಟಾಗ, ಊರೂರಿನ ಅಭಿಮಾನಿಗಳು ತಮ್ಮ ಹಿರಿಯರ ಹಳೆಯ ನೀಲಿ ಅಂಗಿಗಳಿಂದ ಮನೆಗೊಂದು ಗೇಣು ಬಟ್ಟೆ ಕತ್ತರಿಸಿ ಕೊಟ್ಟರು. ಅವನ್ನು ಕೂಡಿಸಿ ಹೊಲಿದ ಅಂಗಿಗೆ ಚೂರಂಗಿ ಎನ್ನುತ್ತೇವೆ. ನೀವು ಹೊದೆಯುವ ಕೌದಿಯ ಹಾಗೇ ಅದು, ಆದರೆ ಮೈಮೇಲೆ ತೊಡುವಂಥದ್ದು. ಬೆಳಗಾವಿಯ ಮನೆಗಳ ಚೂರುಗಳನ್ನು ಹೊಲಿಯುವವಳು ನಾನು. ಟೂರ್ನಿಯಿಂದ ತಂಡ ಹೊರಬಿದ್ದರೆ ಹೊಲಿದವಳೇ ಹೊಲಿಗೆ ಬಿಚ್ಚಿ, ಪ್ರತಿ ಚೂರನ್ನೂ ಅದರ ಮನೆಬಾಗಿಲಿಗೆ ಒಯ್ಯಬೇಕು. ಮನೆಯವರು ಅದನ್ನು ತೆಗೆದುಕೊಳ್ಳದೆ "ಹೊಲೀರಿ" ಎಂದರೆ ಚೂರು ಮತ್ತೆ ಅಂಗಿಗೆ ಸೇರುತ್ತದೆ. ಕೈಚಾಚಿ ತೆಗೆದುಕೊಂಡರೆ ಆ ಮನೆ ತಂಡವನ್ನು ಬಿಟ್ಟ ಹಾಗೆ. ಆಟಗಾರ್ತಿಯ ಸ್ವಂತ ಮನೆಯೇ ತೆಗೆದುಕೊಂಡರೆ ಆಕೆ ತಂಡದಲ್ಲಿಲ್ಲ. ಆ ಬಟ್ಟೆಯನ್ನು ಮೊದಲು ತೊಟ್ಟವರು ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ, ಹೇಳದಿದ್ದರೆ ಮನೆಯವರ ಮಾತು. ಹೊಲಿಯುವವಳಿಗೆ ಮಾತ್ರ ತನ್ನ ಮನೆಯ ಪರವಾಗಿ ಬಾಯಿ ತೆರೆಯುವ ಹಕ್ಕಿಲ್ಲ. ಈ ಕಟ್ಟಳೆ ಮಾಡಿದ ಮಹಾನುಭಾವರಿಗೆ ಒಂಟಿ ಮುದುಕಿಯ ಮನೆಯ ಕಷ್ಟ ಗೊತ್ತಿರಲಿಲ್ಲ.

ತುಳಸಾ ದೇಶದ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರ್. ಅವಳ ಅಪ್ಪ ಅವ್ವ ಕಡಲಗೋಡೆ ಕಟ್ಟುವ ಕೆಲಸಕ್ಕೆ ಹೋದವರು, ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಸಾಕಿದವಳು ನಾನೇ. ನಿನ್ನದೊಂದು ಫೋಟೋ ನಮ್ಮ ಗೋಡೆಯ ಮೇಲಿದೆ. ನೀಲಿ ಅಂಗಿ ತೊಟ್ಟು, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಮೈದಾನದ ಕಡೆ ನೋಡುತ್ತಿದ್ದೀ. ಸಣ್ಣವಳಿದ್ದಾಗ ತುಳಸಾ ಅದನ್ನು ನೋಡಿ, "ಈಕಿ ಯಾರಿಗೆ ಸಲಾಮ್ ಹೊಡೀಲಿಕತ್ತಾಳ, ಆಯಿ?" ಎಂದು ಕೇಳಿದ್ದಳು. ಬಿಸಿಲಿಗೆ ಕೈ ಅಡ್ಡ ಹಿಡಿಯುವುದು ಅಂದರೇನೆಂದು ಆ ಕೂಸಿಗೆ ಗೊತ್ತೇ ಇರಲಿಲ್ಲ. ಬಿದ್ದು ಬಿದ್ದು ನಕ್ಕಿದ್ದೆವು.

ಹೋದ ತಿಂಗಳ ಟೂರ್ನಿ ನಡೆದದ್ದು ದೂರದ ಬಡಗಣ ದೇಶದಲ್ಲಿ. ಅಲ್ಲಿ ಈಗಲೂ ಬಯಲಿನಲ್ಲಿ, ಹಗಲಿನಲ್ಲಿ ಆಡುತ್ತಾರೆ. ಕೊನೆಯ ಪಂದ್ಯ ಸಮವಾಗಿದ್ದರೆ ಸಾಕಿತ್ತು, ಮುಂದಿನ ಸುತ್ತು ನಮ್ಮದಾಗುತ್ತಿತ್ತು. ಇನ್ನೇನು ಸೀಟಿ ಊದಬೇಕು, ಎದುರಿನವರು ಅರ್ಧ ಅಂಗಳದಿಂದ ಸುಮ್ಮನೆ ಒಂದು ಚೆಂಡನ್ನು ಮೇಲಕ್ಕೆ ಎತ್ತಿದರು. ತುಳಸಾ ತಲೆಯೆತ್ತಿದಳು. ಚೆಂಡು ಸೂರ್ಯನೊಳಗೆ ಹೋಯಿತು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುವ ಚೆಂಡನ್ನು ಅವಳು ಜನ್ಮದಲ್ಲಿ ಕಂಡವಳಲ್ಲ. ಕೈ ಅಡ್ಡ ಹಿಡಿಯಬೇಕೆಂದು ಅವಳಿಗೆ ಹೊಳೆಯಲಿಲ್ಲ. ಕಣ್ಣು ಕುಕ್ಕಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಚೆಂಡು ಅವಳ ಹಿಂದೆ ಬಿತ್ತು, ಪುಟಿಯಿತು, ಬಲೆಯೊಳಗೆ ಹೋಯಿತು. ಹನ್ನೊಂದೂ ಮಂದಿ ನೆರಳಿನಲ್ಲಿ ಬೆಳೆದವರೇ, ಯಾರಿದ್ದರೂ ಅದೇ ತಪ್ಪು ಮಾಡುತ್ತಿದ್ದರು. ಆದರೆ ಹೆಸರು ಬಂದದ್ದು ನನ್ನ ಕೂಸಿಗೆ.

ತಂಡ ಬಂದಿಳಿದ ಮರುದಿನವೇ ನಾನು ಹೊಲಿಗೆ ಬಿಚ್ಚಿದೆ. ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಮನೆ ತಿರುಗಿದೆ. ತುಳಸಾ ಕಾಕಾ ಎಂದು ಕರೆಯುವ ದಾದಾಪೀರ್ ನನ್ನ ಓರಗೆಯವನು, ತುಳಸಾಗೆ ಮೊದಲ ಕೈಗವಸು ತಂದುಕೊಟ್ಟವನು. ಅವನು ಬಾಗಿಲಲ್ಲೇ ನಿಂತು, "ನಿಮ್ಮ ಮೊಮ್ಮಗಳು ಚೆಂಡು ಹಿಡಿಯೂದು ಬಿಟ್ಟು ಸೂರ್ಯಗ ನಮಸ್ಕಾರ ಮಾಡ್ಲಿಕ್ಕೆ ಹೋಗಿದ್ಲೇನ್ರಿ?" ಎಂದ. ಬಿಸಿಲಿನ ಮಾತೆತ್ತಿದೆ. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಬಟ್ಟೆ ಕಸಿದುಕೊಂಡು ಒಳಗೆ ಹೋದ. ಪಕ್ಕದ ಗಲ್ಲಿಯ ಗೌರಾಬಾಯಿ ಬೈಯಲಿಲ್ಲ. "ಸಾಕಾತವಾ ಶಾರವ್ವ. ನಮ್ಮ ಅಪ್ಪನೂ ಹಿಂಗಽ ಕಾದು ಕಾದು ಸತ್ತ. ನನಗ ಇನ್ನ ಕಾಯೂದು ಆಗೂದಿಲ್ಲ," ಎಂದು ಅತ್ತಳು, ಅತ್ತು ತೆಗೆದುಕೊಂಡಳು. ಬೈದವನಿಗಿಂತ ಅವಳದೇ ನನಗೆ ಹೆಚ್ಚು ಚುಚ್ಚಿತು. "ಹೊಲೀರಿ" ಎಂದವರೂ ಇದ್ದಾರೆ, ಇಲ್ಲವೆನ್ನಲಾರೆ. ಉಳಿದ ಚೂರುಗಳನ್ನು ಜಗ್ಗಿ ಜಗ್ಗಿ ಸೇರಿಸಿದರೆ ಎಲ್ಲರಿಗೂ ತೋಳಿಲ್ಲದ ಅಂಗಿಗಳಾದಾವು. ಮೈ ಮುಚ್ಚಿದರೆ ಸಾಕು, ಅರ್ಹತಾ ಪಂದ್ಯಕ್ಕೆ ಹೆಸರು ಕಳಿಸಬಹುದು. ಆದರೆ ಗೋಲ್‌ಕೀಪರಿನ ಅಂಗಿಯ ಎದೆಯಲ್ಲಿ ಒಂದು ಕಿಂಡಿ ಉಳಿದಿದೆ. ಅದು ನಮ್ಮ ಮನೆಯ ಚೂರಿನ ಜಾಗ.

ತುಳಸಾ ಬಂದಾಗಿನಿಂದ ಹೊಸ್ತಿಲು ದಾಟಿಲ್ಲ. ಮಾಡಿನ ಬೆಳಕಿಂಡಿಯ ಕೆಳಗೆ ಕುಳಿತು ಮೇಲೆ ನೋಡುತ್ತಾಳೆ, ಕಣ್ಣಲ್ಲಿ ನೀರು ಬಂದರೂ ನೋಡುತ್ತಾಳೆ. ರೊಟ್ಟಿ ಮುರಿಯುತ್ತಾಳೆ, ತಿನ್ನುವುದಿಲ್ಲ. ನಿನ್ನೆ ನನ್ನ ಚೀಲ ಖಾಲಿಯಾದುದನ್ನು ಕಂಡು, "ಆಯಿ, ನಮ್ಮ ಚೂರು ಹೊಲೀಬ್ಯಾಡ. ನನ್ನ ಕೈಯಾಗ ಕೊಡು. ಬ್ಯಾರೆ ಯಾರರೆ ನಿಲ್ಲಲಿ," ಎಂದಳು. ಬೇರೆ ಯಾರೂ ಇಲ್ಲ, ಆಯಿ. ನಾಲ್ಕು ವರ್ಷದವಳಿದ್ದಾಗಿನಿಂದ ಆ ಹುಡುಗಿ ಬೇರೆ ಏನನ್ನೂ ಬಯಸಿದವಳಲ್ಲ. ಅವಳು ಒಮ್ಮೆ ಆ ಬಟ್ಟೆ ಹಿಡಿದಳೆಂದರೆ ಮತ್ತೆ ಚೆಂಡು ಹಿಡಿಯಲಾರಳು. ಅದು ನನಗೆ ಗೊತ್ತು, ಆದರೆ ಕಟ್ಟಳೆಯಂತೆ ನಾನು ತುಟಿ ಬಿಚ್ಚುವಂತಿಲ್ಲ.

ಮೊದಲು ನಾನು ಈ ಕಾಗದ ಬರೆಯಲು ಕುಳಿತದ್ದು ಒಂದೇ ಮಾತಿಗೆ. ಸಿಟ್ಟಿನಲ್ಲಿ ಆ ಅಂಗಿಯನ್ನು ಸುಡಬೇಡ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದರೆ ಅವಳಿಗೂ ಹಾಕಬೇಡ, ನೆಲ ಬೇಕಾದರೆ ಒರೆಸು, ಎಂದು ಹೇಳಬೇಕಿತ್ತು. ನನ್ನ ಕೂಸು ಬೇಡವೆನ್ನಲಿಕ್ಕಾದರೂ ಆ ಚೂರು ಇರಬೇಕಲ್ಲ! ಅಷ್ಟು ಬರೆದು ಮುಗಿಸೋಣವೆಂದು ಚೂರನ್ನು ಮುಂದೆ ಹರವಿಕೊಂಡೆ. ನೀಲಿ ಎಂದೋ ಹೋಗಿ ಬೂದಿಯ ಬಣ್ಣಕ್ಕೆ ಬಂದಿದೆ. ಮೂಲೆಯಲ್ಲಿ ಕೆಂಪು ದಾರದ ಒಂದು ಹೊಲಿಗೆಯಿದೆ. ನಾನು ಸಣ್ಣವಳಿದ್ದಾಗಿನಿಂದ ಅದನ್ನು ನೋಡಿದ್ದೇನೆ. ಹರಿದದ್ದನ್ನು ಕೂಡಿಸಿದ್ದಲ್ಲ, ಅಂಚು ಮಡಿಸಿದ್ದಲ್ಲ, ಚಂದಕ್ಕಂತೂ ಅಲ್ಲವೇ ಅಲ್ಲ. ನೆಲ ಒರೆಸುವ ಬಟ್ಟೆಗೆ ಕೆಂಪು ದಾರ ಯಾರು ಹಾಕುತ್ತಾರೆಂದು ನಮ್ಮವ್ವ ಕೇಳುತ್ತಿದ್ದಳು, ಅವಳ ಅವ್ವನೂ ಕೇಳಿದ್ದಳಂತೆ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಷ್ಟು ಸಲ ಚೂರು ಬಿಚ್ಚಿ ಹೊಲಿದಿದ್ದೇನೆ, ಆ ದಾರವನ್ನು ಮಾತ್ರ ಕೀಳಲು ಮನಸ್ಸಾಗಿರಲಿಲ್ಲ. ಇವತ್ತು ಪೆನ್ನು ಕೈಯಲ್ಲಿ ಹಿಡಿದು ಅದನ್ನು ನೋಡುತ್ತ ಕುಳಿತವಳಿಗೆ, ಅದು ಯಾರ ಕಾಗದ ಓದಿ ಹಾಕಿದ ಹೊಲಿಗೆಯೆಂದು ಹೊಳೆಯಿತು.

ಆದ್ದರಿಂದ ಆಯಿ, ನನ್ನ ಬೇಡಿಕೆ ಬದಲಾಗಿದೆ. ನೆಲ ಒರೆಸು, ಸಿಟ್ಟು ತೀರುವವರೆಗೆ ಒರೆಸು. ಆಮೇಲೆ ಈ ಕಾಗದವನ್ನು ಇನ್ನೊಮ್ಮೆ ಓದು. ಇಷ್ಟು ತಲೆಮಾರು ಕಳೆದರೂ ನಿನ್ನ ಮನೆಯವರು ಆಸೆಯಲ್ಲೇ ಇದ್ದಾರೆಂದು ತಿಳಿದೂ, ಮುಂದೆ ನಿನ್ನ ವಂಶದ ಹುಡುಗಿಯೊಬ್ಬಳು ಬಿಸಿಲಿಗೆ ಕಣ್ಣು ಮುಚ್ಚಿ ಗೋಲು ಬಿಡುತ್ತಾಳೆಂದು ತಿಳಿದೂ, ನಿನಗೆ ಮನಸ್ಸು ಬಂದರೆ ಮಾತ್ರ ಒಂದು ಕೆಲಸ ಮಾಡು. ಆ ಬಟ್ಟೆಯನ್ನು ಹಿಂಡಿ ಒಣಗಿಸಿ, ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಹೊಲಿಗೆ ಹಾಕು. ಅದೇ "ಹೊಲೀರಿ" ಎಂಬ ನಿನ್ನ ಮಾತು. ತೊಟ್ಟವಳ ಮಾತೇ ಕೊನೆಯ ಮಾತು, ಅದನ್ನು ಮೀರುವ ಹಕ್ಕು ತುಳಸಾಗೂ ಇಲ್ಲ. ನಾಳೆ ನಸುಕಿಗೆ ನಾನು ಬಾಯಿ ಬಿಡದೆ ಆ ಮೂಲೆಯನ್ನು ಅವಳ ಬೆರಳಿಗೆ ಮುಟ್ಟಿಸುತ್ತೇನೆ, ಈ ಕಾಗದದ ನಕಲೊಂದನ್ನು ಓದಲು ಕೊಡುತ್ತೇನೆ. ಅರ್ಹತೆ ಸಿಗುತ್ತದೋ ಇಲ್ಲವೋ ನಾನರಿಯೆ, ಸಿಗಲಿಕ್ಕಿಲ್ಲ ಎಂದೇ ನನ್ನ ಮುದಿಮನಸ್ಸು ಹೇಳುತ್ತದೆ. ಆದರೆ ಅವಳು ಹೊಸ್ತಿಲು ದಾಟಿ, ಹುಬ್ಬಿನ ಮೇಲೆ ಕೈಯಿಟ್ಟು, ಒಮ್ಮೆ ಬಯಲಿಗೆ ಹೋಗಿ ನಿಂತರೆ ನನಗೆ ಅಷ್ಟೇ ಸಾಕು.

ನಿನಗೆ ಹೊಲಿಗೆ ಬಾರದೆಂದು ಕೇಳಿದ್ದೇನೆ. ಸೊಟ್ಟಗಾದರೂ ಚಿಂತೆಯಿಲ್ಲ ಆಯಿ, ಹಾಕು. ಸೊಟ್ಟಗೇ ಇದೆ.

ನಿನ್ನ ಮೊಮ್ಮಗಳ ಮರಿಮಗಳು,
ಶಾರವ್ವ