ರೇಡಿಯೊಗೆ ಕರೆಂಟ್ ಕೊಟ್ಟ ಮೇಲೆ

ಪ್ರೀತಿಯ ಭಾಮೈದನಿಗೆ,

ಐ ಬೆಗ್ ಟು ಸ್ಟೇಟ್ (ಕಾಲೇಜಿನ ಇಂಗ್ಲಿಷು ಇಷ್ಟೇ ಉಳಿದಿರುವುದು) ಏನೆಂದರೆ, ನಿನ್ನ ಅಕ್ಕನ ಕಾರಿನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರನ್ನು ನಾನೇ ಬದಲಾಯಿಸಿದೆ. ನಗಬೇಡ. ಕಾರು ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಸ್ಪ್ಯಾನರ್ ತಗುಲಿ ಕಿಡಿ ಹಾರಿತ್ತು. ದೊಡ್ಡ ಫ್ಯೂಸ್ ಸುಟ್ಟಿರಬೇಕು.

“ಮೊದಲು ಬ್ಯಾಟರಿ ವೈರ್ ತೆಗೀಬೇಕು ಅಂತ ಅಷ್ಟೂ ಗೊತ್ತಿಲ್ವಾ ಭಾವಾ?” ಎನ್ನುತ್ತೀಯ. ಗೊತ್ತಿತ್ತು ಕಣೋ. ತೆಗೆದರೆ ರೇಡಿಯೊ ತನ್ನ ಸ್ಟೇಷನ್‌ಗಳನ್ನೆಲ್ಲ ಮರೆತುಬಿಡುತ್ತದೆ. ಅವನ್ನು ಒಂದೊಂದಾಗಿ ಹುಡುಕಿ ಗುಂಡಿಗಳಿಗೆ ಕೂರಿಸಿದವಳು ನಿನ್ನ ಅಕ್ಕ. ಅವಳು ಹೋದ ಮೇಲೂ ನಾನು ಮುಟ್ಟಿಲ್ಲ.

ಈಗ ಬ್ಯಾಟರಿಯೇ ದಿನೇದಿನೇ ಇಳಿಯುತ್ತಿದೆ. ಭಾನುವಾರದೊಳಗೆ ಬಾ. ಫ್ಯೂಸಿನ ಜೊತೆ ಇನ್ನೊಂದು ಬ್ಯಾಟರಿಯನ್ನೂ ತಾ, ಅದರಿಂದ ರೇಡಿಯೊಗೆ ಕರೆಂಟ್ ಕೊಟ್ಟ ಮೇಲೆಯೇ ಸ್ಪ್ಯಾನರ್ ಹಿಡಿ.

ಮೂರನೆಯ ಗುಂಡಿ ಒತ್ತಿದರೆ ಬರೀ ಗೊರಗೊರ ಸದ್ದು. ಅದನ್ನೂ ಅವಳೇ ಕೂರಿಸಿದ್ದು, ಸರಿಮಾಡಲು ಹೋಗಬೇಡ.

ಯುವರ್ಸ್ ಒಬಿಡಿಯಂಟ್ಲಿ,
ನಿನ್ನ ಭಾವ